ಇಂಚಿಗೆ ಎಷ್ಟು ಎಳೆ

ಬನಹಟ್ಟಿಯ ಗಿರಿಮಲ್ಲಪ್ಪನವರು ನಲವತ್ತು ವರ್ಷ ಸೀರೆಯ ಅಂಚಿಗೆ ನಕ್ಷೆ ಬರೆದವರು. ಚೌಕುಳಿ ಕಾಗದದ ಮೇಲೆ ಒಂದು ಚೌಕಕ್ಕೆ ಒಂದು ಎಳೆಯೆಂದು ಲೆಕ್ಕ ಹಿಡಿದು ನವಿಲು, ಗಿಳಿ, ರುದ್ರಾಕ್ಷಿ ಮೂಡಿಸುವುದು ಅವರ ಕಸುಬು. ಅಂಥವರಿಗೂ ಹೆಂಡತಿಯ ಮುಖವೊಂದನ್ನು ಕಾಗದದ ಮೇಲೆ ನಿಲ್ಲಿಸುವುದು ಆಗದೆ ಹೋಯಿತು.

ಮಾಯವ್ವ ಶಿವನ ಪಾದ ಸೇರಿ ಇನ್ನೈದು ದಿನಕ್ಕೆ ವರ್ಷ ತುಂಬುತ್ತಿತ್ತು. ಆ ದಿನದ ಪೂಜೆಗೆ ಫೋಟೋ ಬೇಕು. ಆಧಾರ ಕಾರ್ಡಿನಲ್ಲಿ ಆಕೆ ಕಳವಿನ ಮಾಲಿನ ಸಂಗಡ ಸಿಕ್ಕಿಬಿದ್ದವಳ ಹಾಗೆ ಕೂತಿದ್ದಳು. ಅದು ಬಿಟ್ಟರೆ ಇದ್ದದ್ದು ಮೊಬೈಲಿನಲ್ಲಿ ಒಂದೇ ಒಂದು, ನಗುತ್ತಿದ್ದದ್ದು. ಅದನ್ನೇ ನಿಜ ಮುಖದಷ್ಟು ಮುಖ ಕಾಣುವಂತೆ ದೊಡ್ಡದು ಮಾಡಿಸಬೇಕೆಂಬುದು ಅವರ ಆಸೆ. ಒಂದು ಅಂಗಡಿಯಲ್ಲಿ ಮಾಡಿಸಿಯೂ ಇದ್ದರು. ಬಂದ ಚಿತ್ರದಲ್ಲಿ ಆಕೆ ಕದಡಿದ ನೀರಿನೊಳಗೆ ಕಂಡಂತೆ ಕಂಡಳು. “ಎಪ್ಪತ್ತೆರಡು ಇತ್ರಿ, ಮುನ್ನೂರು ಮಾಡಿ ಕೊಟ್ಟೇವಿ. ಇನ್ನೇನ್ ಮಾಡೂದು?” ಎಂದು ಅಂಗಡಿಯವನು ಕೈ ತೊಳೆದುಕೊಂಡಿದ್ದ.

ಆ ಚಿತ್ರವನ್ನೂ ಮೊಬೈಲನ್ನೂ ಹಿಡಿದು ಅವರು ರಬಕವಿಯಲ್ಲಿದ್ದ ನೇತ್ರಾಳ ಸ್ಟುಡಿಯೋಕ್ಕೆ ಬಂದರು. ನೇತ್ರಾ ತೇರದಾಳದವಳು. ದಿನವೂ ಬಸ್ಸಿಗೆ ಬಂದು ತಾನೇ ಕಸ ಹೊಡೆದು ಅಂಗಡಿ ತೆಗೆಯುತ್ತಿದ್ದಳು.

“ಈ ಮುನ್ನೂರು ಅಂದ್ರ ಏನವ್ವಾ?”

“ಒಂದು ಇಂಚಿಗೆ ಎಷ್ಟು ಚುಕ್ಕಿ ಹಾಕಬೇಕು ಅಂತ ಹೇಳೂ ನಂಬರ್ರಿ ಅಜ್ಜಾರ. ಅವರು ನಂಬರ್ ಅಷ್ಟ ತಿದ್ದ್ಯಾರ. ಚುಕ್ಕಿ ಮೊದಲ ಇದ್ದಷ್ಟ ಅದಾವ.”

“ಅಂದ್ರ ಜಾಳ ಬಟ್ಟಿಗೆ ಗಟ್ಟಿ ಬಟ್ಟಿ ಛಾಪಾ ಒತ್ಯಾನ.”

“ನೀವ ನನಗಿಂತ ಛಲೋ ಹೇಳಿದ್ರಿ.”

ಅವಳು ತೆರೆಯ ಮೇಲೆ ಚಿತ್ರವನ್ನು ಹಿಗ್ಗಿಸುತ್ತ ಹೋದಳು. ಮಾಯವ್ವನ ಕೆನ್ನೆ ಚೌಕ ಚೌಕವಾಯಿತು. ಗಿರಿಮಲ್ಲಪ್ಪನವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಇದು ತಮ್ಮದೇ ಚೌಕುಳಿ ಕಾಗದ. ಈ ಕಿವಿಯಿಂದ ಆ ಕಿವಿಗೆ ಎಷ್ಟು ಚೌಕವೆಂದು ಕೇಳಿದರು. ತೊಂಬತ್ತು ಎಂದಳು.

“ತೊಂಬತ್ತರಾಗ ನಾ ಒಂದು ಗಿಳಿ ಮೂಡಸ್ತೇನಿ. ಮನಷ್ಯಾರ ಮುಖ ಹೆಂಗ ಆಗಬೇಕು?”

“ಇನ್ನೊಂದು ದಾರಿ ಐತ್ರಿ, ತೋರಸ್ತೇನಿ,” ಎಂದು ನೇತ್ರಾ ಏನೋ ಒತ್ತಿದಳು. ಕ್ಷಣದಲ್ಲಿ ಮುಖ ತಿಳಿಯಾಯಿತು. ಕಣ್ಣಿಗೆ ಹೊಳಪು, ಹಲ್ಲಿನ ಸಾಲು ಮುತ್ತಿನಂತೆ. ಎಡಹುಬ್ಬಿನ ಮೇಲೆ ಹಿಂದೊಮ್ಮೆ ಮಗ್ಗದ ಲಾಳಿ ಬಡಿದ ಗಾಯದ ಗುರುತು ಮಾತ್ರ ಇರಲಿಲ್ಲ.

“ಛಂದ ಅದಾಳ,” ಎಂದರು. “ಆದ್ರ ಯಾರಾಕಿ ಈಕಿ?”

“ಇಲ್ಲದ ಚೌಕಾನ ಕಂಪ್ಯೂಟರ್ ತಾನ ಊಹಾ ಮಾಡಿ ತುಂಬತೈತ್ರಿ.”

ನವಿಲನ್ನು ದೊಡ್ಡದು ಮಾಡುವಾಗ ಅವರೂ ಇಲ್ಲದ ಗರಿಯನ್ನು ತಾವೇ ಊಹಿಸಿ ಎಷ್ಟೋ ಸಲ ಸೇರಿಸಿದ್ದರು. ನವಿಲು ತಕರಾರು ಮಾಡಿರಲಿಲ್ಲ. ನೇತ್ರಾ ಎರಡನೆಯ ಮಾತಾಡದೆ ಆ ಚಿತ್ರ ಅಳಿಸಿದಳು. ಗಿರಾಕಿ ಒಲ್ಲೆನೆಂದ ಬಣ್ಣವನ್ನು ಹೊಗಳಿ ಮಾರುವ ವ್ಯಾಪಾರಿಗಳನ್ನು ಕಂಡವರಿಗೆ ಇದು ದೊಡ್ಡ ಗುಣವೆನಿಸಿತು.

“ಇದು ನಿಮಗ ಎಲ್ಲಿಂದ ಬಂತ್ರಿ?” ಎಂದು ಅವಳು ಬುಡದಿಂದ ಕೇಳತೊಡಗಿದಳು. ತೆಗೆದವಳು ಬೀಳಗಿಯ ಹಾಲವ್ವ, ಮಾಯವ್ವನ ತಂಗಿ. ಅವಳು ಸ್ಟೇಟಸ್ಸಿಗೆ ಹಾಕಿದ್ದಳು. ಅದನ್ನು ಗಿರಿಮಲ್ಲಪ್ಪನವರ ಅಳಿಯ ಸ್ಕ್ರೀನ್‌ಶಾಟ್ ತೆಗೆದು, ಉಳಿದವರನ್ನು ಕತ್ತರಿಸಿ ಕಳಿಸಿದ್ದ.

“ಕೈಯಿಂದ ಕೈಗೆ ಹೋಗಿ ಹೋಗಿ ಎಳಿ ಉದುರ್ಯಾವ್ರಿ. ಮೊದಲಿಂದು ಆಕಿ ಮೊಬೈಲ್‌ದಾಗ ಇದ್ದರ ಕೆಲಸ ಆತು.”

ಹಾಲವ್ವನಿಗೆ ಫೋನು ಹಚ್ಚಿದರು. ಫೋಟೋ ಇತ್ತು. ಆದರೆ ಅದನ್ನು ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಬೇಕು, ಹಾಗಾದರೆ ಮಾತ್ರ ಚುಕ್ಕಿ ಕಡಿಮೆಯಾಗುವುದಿಲ್ಲ ಎಂದು ನೇತ್ರಾ ತಿಳಿಸಿದಳು.

“ಅಷ್ಟೆಲ್ಲಾ ನನಗ ಬರ್ತಿದ್ರ ನಾ ಯಾಕ ಇಲ್ಲಿ ರೊಟ್ಟಿ ಬಡೀತಿದ್ನಿ ಬೇ?” ಎಂದಳು ಹಾಲವ್ವ.

“ರೊಟ್ಟಿ ಬಡಿಯೂದು ಇದಕ್ಕಿಂತ ಕಷ್ಟ ಅತ್ತೀ. ಕೆಳಗ ಪಿನ್ನಿನ ಗುರುತು ಐತೆಲ್ಲಾ, ಅದನ್ನ ಒತ್ರಿ.”

ಅರ್ಧ ಗಂಟೆ ಹಿಡಿಯಿತು. ಹಾಲವ್ವ ಮೊದಲು ಕರೆಂಟ್ ಬಿಲ್ಲಿನ ಚಿತ್ರ ಕಳಿಸಿದಳು, ಆಮೇಲೆ ಎಮ್ಮೆಯದು. ನೇತ್ರಾಳ ದನಿ ಒಮ್ಮೆಯೂ ಏರಲಿಲ್ಲ. ಕಡೆಗೆ ಬಂತು. ಹಿನ್ನೀರಿನ ದಂಡೆಯಲ್ಲಿ ಮೂವರು ಅಕ್ಕತಂಗಿಯರು, ನಡುವೆ ಮಾಯವ್ವ. ಮುಖ ಆರುನೂರು ಚೌಕದಷ್ಟು ಅಗಲ. ಎಷ್ಟು ಹಿಗ್ಗಿಸಿದರೂ ಹುಬ್ಬಿನ ಮೇಲಿನ ಗಾಯ ಗಾಯವಾಗಿಯೇ ಇತ್ತು. ಗಿರಿಮಲ್ಲಪ್ಪನವರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ನೇತ್ರಾ ಅತ್ತ ತಿರುಗಿ ಕಪಾಟಿನಲ್ಲಿ ಏನನ್ನೋ ಹುಡುಕುತ್ತ ನಿಂತಳು.

ಆಮೇಲೆ ಎರಡು ತುಂಡು ಕಾಗದದ ಮೇಲೆ ನಮೂನೆ ಮುದ್ರಿಸಿ ತಂದಳು. “ಮುಖ ಆರು ಇಂಚು ಮಾಡಿದ್ರ ಇಂಚಿಗೆ ನೂರ ಚುಕ್ಕಿ. ನಾಕು ಹೆಜ್ಜಿ ಹಿಂದ ನಿಂತು ನೋಡಿದ್ರ ಛಲೋ, ಸನೇಕ ಬಂದ್ರ ಒರಟು. ಎರಡು ಇಂಚು ಮಾಡಿದ್ರ ಮುನ್ನೂರು. ಮೂಗಿಗೆ ಹಿಡಿದ್ರೂ ನಯ. ನೀವು ಎಷ್ಟು ದೂರದಿಂದ ನೋಡಾವ್ರು?”

ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದರು. ನಕ್ಷೆ ಬರೆದು ಸವೆದ ಕಣ್ಣಿಗೆ ಅಷ್ಟು ದೂರದಲ್ಲಿ ಎರಡೂ ಮಂಜು. ಇನ್ನು ದಿನವೂ ಲಿಂಗಪೂಜೆ ಮುಗಿಸಿ ಫೋಟೋದೊಳಗಿನ ಆಕೆಯ ಹಣೆಗೆ ತಮ್ಮ ಕೈಯಾರೆ ವಿಭೂತಿ ಹಚ್ಚುವುದಿತ್ತು. ಅದಕ್ಕೆ ಕೈಯಳತೆಯಲ್ಲಿ ಕೂಡಬೇಕು. ಮುಖದಷ್ಟು ಮುಖವೆಂಬ ಆಸೆ ಬಿಟ್ಟು ಸಣ್ಣ ನಮೂನೆಯನ್ನು ಕೈಗೆತ್ತಿಕೊಂಡರು.

“ಎರಡು ಇಂಚ ಇರಲಿ. ಅಕ್ಕತಂಗ್ಯಾರನ್ನ ಕತ್ತರಿಸಬ್ಯಾಡ.”

“ಕಾರ್ಯಕ್ಕ ಬಂದ ಮಂದಿ ಸಣ್ಣದಾತು ಅಂತಾರ್ರಿ.”

“ಅನ್ಲಿ. ನೀ ಉಳಿದ ಕೆಲಸ ಬಿಟ್ಟು ಕೂತು ಮಾಡೀ. ನಾ ಇಷ್ಟು ವರ್ಷ ಎಳಿ ಎಣಿಸಿದಾವ, ಯಾವುದು ಗಟ್ಟಿ ಅಂತ ನನಗ ಗೊತ್ತೈತಿ ತಂಗಿ.”

ವರ್ಷದ ದಿನ ಮನೆ ತುಂಬಿತು. ಚಿಕ್ಕಪ್ಪನ ಮಗ ಗುರುಸಿದ್ದ ಬಾಗಿಲಲ್ಲಿ ನಿಂತೇ ಹೇಳಿದ: “ಏನಣ್ಣಾ, ವೈನಿದು ಇಷ್ಟು ಸಣ್ಣ ಮಾಡಸೀಯಲ್ಲ. ಇಲ್ಲಿಂದ ಏನೂ ಕಾಣವಲ್ದು.”

“ಅಲ್ಲಿಂದ ಕಾಣಂಗಿಲ್ಲಪಾ. ಸನೇಕ ಬಾ.”

ಗುರುಸಿದ್ದ ಬಂದ. ನಿಂತರೆ ಕಾಣದೆಂದು ಮೊಣಕಾಲೂರಿ ಬಾಗಿದ. ಅವನು ಬೇಗ ಏಳಲಿಲ್ಲ. ಅವನ ಹಿಂದೆ ಹಾಲವ್ವ, ಅವಳ ಹಿಂದೆ ಮತ್ತೊಬ್ಬರು, ಒಬ್ಬೊಬ್ಬರೇ ಬಾಗಲು ತಮ್ಮ ಪಾಳಿ ಕಾಯುತ್ತ ನಿಂತರು.