ಕರೆದರೂ ಬರಬೇಡ

ಅನ್ನದ ಪಾತ್ರೆ ಇನ್ನೂ ಬಿಸಿ ಇದೆ, ಒಲೆ ಮಾತ್ರ ಒದ್ದೆ, ಕೆಂಡಕ್ಕೆ ನೀರು ಹೊಯ್ದ ಹಸಿ ಹೊಗೆ ಮೂಗಿಗೆ ಅಡರುತ್ತಿದೆ — ಯಾರು ಹೊಯ್ದದ್ದು, ಲೋಗಿಯೇ, ಮತ್ಯಾರು, ನಾನೇ ಕಲಿಸಿದ್ದಲ್ಲವೇ, ಮೊದಲು ಒಲೆ, ಆಮೇಲೆ ದೀಪ, ಆಮೇಲೆ ಹಣೆಯ ಬೊಟ್ಟು ಒರೆಸು, ತಮ್ಮನನ್ನು ಎತ್ತಿಕೋ, ಅವನ ಬಾಯಿ ಮುಚ್ಚು, ಓಡು — ಒಂದೂ ತಪ್ಪದೆ ಮಾಡಿಟ್ಟು ಹೋಗಿದ್ದಾಳೆ ನನ್ನ ಮಗಳು, ಶಾಲೆಯಲ್ಲಿ ಕನ್ನಡ ಮಗ್ಗಿ ಬಾರದೆ ದಿನಾ ಬೈಸಿಕೊಳ್ಳುವವಳು, ಇದೊಂದನ್ನು ಮಾತ್ರ ಮರೆತಿಲ್ಲ. ಕೆಳಗೆ ಗದ್ದೆಯಲ್ಲಿ ಇನ್ನೂ ಕೂಗುತ್ತಿದ್ದಾರೆ, ಬಲಿಯೇಂದ್ರಾ, ಕೂ — ಎಳೆದೂ ಎಳೆದೂ, ಗುಡ್ಡಕ್ಕೆ ಬಡಿದು ವಾಪಸು ಬರುವ ಹಾಗೆ. ಈಗಷ್ಟೇ ಕಮಲಾವತಿಯಮ್ಮನ ಅಂಗಳದಲ್ಲಿ ನಿಂತಿದ್ದೆ, ಜತ್ತಪ್ಪ ಗೌಡರ ಹೆಂಡತಿ, ಅವರ ಗದ್ದೆ ನಮ್ಮ ರಬ್ಬರ್ ತೋಟದ ಬುಡದಲ್ಲೇ, ಹಬ್ಬ ಅಲ್ವಾ ಪೊನ್ನಮ್ಮ, ಮಕ್ಕಳಿಗೆ ಎರಡು ದೋಸೆ ತೆಕ್ಕೊಂಡು ಹೋಗು ಎಂದು ಕರೆದಿದ್ದರು, ಬಾಳೆಲೆಯಲ್ಲಿ ಸುತ್ತಿ ಕೊಡುವಷ್ಟರಲ್ಲಿ ಗಂಡಸರೆಲ್ಲ ತೆಂಗಿನ ಒಣ ಮಡಲು ಕಟ್ಟಿದ ಸೂಟೆ ಹೊತ್ತಿಸಿ ಸಾಲಾಗಿ ಗದ್ದೆಗೆ ಇಳಿದರು, ಕೂ ಎಂದರು, ನನ್ನ ಕೈಯ ದೋಸೆ ಸೆಗಣಿ ಸಾರಿಸಿದ ನೆಲಕ್ಕೆ ಬಿತ್ತು. ಅಯ್ಯೋ ಎಂತ ಮಾರಾಯ್ತಿ, ಹೆದರುದು ಎಂತಕೆ, ಬಲಿ ಚಕ್ರವರ್ತಿಯನ್ನು ಕರೆಯುದು, ವರ್ಷಕ್ಕೊಮ್ಮೆ ಬರುದು ಅಲ್ವಾ ಅವ, ಕಮಲಾವತಿಯಮ್ಮ ನಗುತ್ತಿದ್ದರು, ನಾನೂ ನಕ್ಕೆ, ನಗುತ್ತಲೇ ನೆನಪಾಯಿತು, ಮನೆಯಲ್ಲಿ ಇಬ್ಬರೇ ಇದ್ದಾರೆ, ಅವರಿಗೆ ಇದನ್ನು ಹೇಳುವವರು ಯಾರೂ ಇಲ್ಲ, ಮಕ್ಕಳು, ಮಕ್ಕಳು ಎನ್ನುತ್ತ ಓಡಿ ಬಂದೆ.

ತೋಟದ ಕೂಲಿಯವರ ಲೈನ್ ಮನೆಗಳೆಲ್ಲ ಬೀಗ, ನಮಗಿಂತ ಮೊದಲೇ ಕಡಲಾಚೆಯಿಂದ ಹಡಗಿನಲ್ಲಿ ಬಂದವರು, ಈ ಊರಿನ ಕೂಗು ಗೊತ್ತಿದ್ದವರು, ಪಟಾಕಿ ತರಲೆಂದು ಸುಳ್ಯದ ಪೇಟೆಗೆ ಹೋಗಿದ್ದಾರೆ, ಇವತ್ತು ಸಂಜೆ ಹೀಗೆ ಬೆಂಕಿ ಹಿಡಿದು ಕೂಗುತ್ತಾರೆ ಎಂದು ಒಬ್ಬರಿಗಾದರೂ ಹೇಳಲಿಕ್ಕೆ ಏನಾಗಿತ್ತು, ಬಾಯಲ್ಲಿ ಹುಣ್ಣಾಗಿತ್ತೇ — ಇರಲಿ, ಅವರನ್ನು ಬೈದು ಏನು, ಬೈಯಬೇಕಾದ್ದು ನನ್ನನ್ನು, ಹಣೆಬರಹವನ್ನು, ರತ್ನಪುರದ ಆಚೆಯ ಆ ತೋಟವನ್ನು. ಅಲ್ಲೂ ರಬ್ಬರ್, ಇಲ್ಲೂ ರಬ್ಬರ್, ಮರ ಕೊರೆದರೆ ಎಲ್ಲಿಯದಾದರೂ ಹಾಲು ಬಿಳಿಯೇ, ಅಲ್ಲೂ ಹೀಗೆ ಸಂಜೆಯೇ ಬಂದರು ತಮಿಳರನ್ನು ಕೊಲ್ಲುವವರು, ಹೋದ ವರ್ಷ ಆಗಸ್ಟಿನಲ್ಲಿ, ಇಷ್ಟೇ ಉದ್ದದ ಬೆಂಕಿಯ ಸಾಲು, ಹೂ ಎಂದು ಕೂಗುತ್ತ, ಲೈನ್ ಮನೆಗಳ ಒಂದು ತುದಿಯಿಂದ ಹಚ್ಚುತ್ತ ಬಂದರು, ಮಕ್ಕಳ ಅಪ್ಪ ಕತ್ತಿ ಹಿಡಿದು ಬಾಗಿಲಲ್ಲಿ ನಿಂತರು, ನೀನು ಹೋಗು ಎಂದರು, ಹೋದೆ, ತಿರುಗಿ ನೋಡಲಿಲ್ಲ, ಈಗಲೂ ನೋಡುವುದಿಲ್ಲ. ಮರದ ಸಾಲುಗಳ ನಡುವೆ ಬಳ್ಳಿ ಹಬ್ಬಿಸಿರುತ್ತಾರಲ್ಲ, ಮಣ್ಣು ಕೊಚ್ಚಿ ಹೋಗಬಾರದೆಂದು, ಸೊಂಟದವರೆಗೆ ಬೆಳೆದ ಬಳ್ಳಿ, ಅದರ ಅಡಿಯ ಚರಂಡಿಯಲ್ಲಿ ಮಲಗಿದೆವು, ಮೊಲೆ ಕುಡಿಯುವ ಸೆಲ್ವಂನ ಬಾಯಿಗೆ ನನ್ನ ಅಂಗೈ, ಮೂಗು ಬಿಡಬೇಕು, ಬಾಯಿ ಮಾತ್ರ. ಅಲ್ಲಿಂದಲೇ ಕಂಡದ್ದು ಮಾರಿಯಾಯಿಯನ್ನು. ಪಕ್ಕದ ಮನೆಯವಳು, ಅವಳ ಮಕ್ಕಳು ನಮ್ಮಿಂದ ಸ್ವಲ್ಪ ಆಚೆ ಅಡಗಿದ್ದರು, ಅವಳ ತುರುಬನ್ನು ಹಿಂದಿನಿಂದ ಒಂದು ಮುಷ್ಟಿ ಹಿಡಿದಿತ್ತು, ಮುಷ್ಟಿ ಮಾತ್ರ ಬೆಳಕಿನಲ್ಲಿ, ಹಿಡಿದವನ ಮುಖವಿಲ್ಲ, ಕರೆ ಎಂದಿತು, ಅವಳು ಕರೆದಳು, ಬನ್ನಿ ಮಕ್ಕಳೇ, ಎಲ್ಲ ಮುಗಿಯಿತು, ಅಮ್ಮ ಇದ್ದೇನೆ ಬನ್ನಿ — ಎಷ್ಟು ಚೆನ್ನಾಗಿ ಕರೆದಳು, ಊಟಕ್ಕೆ ಕರೆದ ಹಾಗೆ, ಅವರು ಎದ್ದು ಹೋದರು. ಲೋಗಿ ನನ್ನ ಪಕ್ಕದಲ್ಲಿ ಅದನ್ನೆಲ್ಲ ನೋಡಿದಳು, ಅವಳ ಕಣ್ಣು ಮುಚ್ಚಲು ನನಗೆ ಇನ್ನೊಂದು ಕೈ ಇರಲಿಲ್ಲ.

ಅದಕ್ಕೇ ಕಲಿಸಿದೆ. ತಲೈಮನ್ನಾರಿನಲ್ಲಿ ಹಡಗಿಗೆ ಕಾಯುವಾಗ, ರಾಮೇಶ್ವರದಲ್ಲಿ ಇಳಿದ ಮೇಲೆ ಶಿಬಿರದ ತಗಡಿನ ಕೆಳಗೆ, ಇಲ್ಲಿಗೆ ಬಂದ ಮೇಲೂ, ಗಂಜಿ ಬಡಿಸುತ್ತ, ತಲೆ ಬಾಚುತ್ತ, ಯಾರು ಕರೆದರೂ ಬರಬೇಡ, ನಾನೇ ಕರೆದರೂ ಬರಬೇಡ, ನಾನು ಕರೆದರಂತೂ ಬರಲೇಬೇಡ. ಹಾಗಾದರೆ ಯಾವಾಗಮ್ಮ ಬರುವುದು ಎನ್ನುವಳು, ಬೆಳಗಾದ ಮೇಲೆ, ತಮ್ಮ ಅತ್ತರೆ ಎನ್ನುವಳು, ಬಾಯಿ ಮುಚ್ಚು, ಮೂಗು ಬಿಡು — ಮೂಗು! ಬೆಳಿಗ್ಗೆಯಿಂದ ಅವನ ಮೂಗು ಕಟ್ಟಿದೆ, ನೆಗಡಿ, ಕೆಲಸಕ್ಕೆ ಹೋಗುವಾಗ ಸೆರಗಿನಲ್ಲಿ ಒರೆಸಿ ಹೋಗಿದ್ದೆ, ಬಾಯಿ ತೆರೆದುಕೊಂಡೇ ಉಸಿರಾಡುತ್ತಿದ್ದ, ಬಾಯಿಯಲ್ಲಿ ಮಾತ್ರ, ಅಯ್ಯೋ ತಾಯೀ, ಲೋಗಿಯೋ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು, ಮೂಗು ಬಿಟ್ಟಿದ್ದೇನೆ ಎಂದುಕೊಂಡು ಬಾಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿರುತ್ತಾಳೆ, ಬೆಳಗಾಗುವ ತನಕ.

ಪೊನ್ನಮ್ಮ, ಏ ಪೊನ್ನಮ್ಮ, ಮಕ್ಕಳು ಸಿಕ್ಕಿದರಾ — ಜತ್ತಪ್ಪ ಗೌಡರ ಗಂಟಲು, ಆ ಗಂಟಲಿಗೆ ಬಲಿಯೇಂದ್ರ ಪಾತಾಳದಲ್ಲೇ ಕಿವಿ ಮುಚ್ಚಿಕೊಂಡಾನು, ಹಿಂದೆ ಕಮಲಾವತಿಯಮ್ಮ, ಅವರ ಹಿಂದೆ ಗದ್ದೆಯಲ್ಲಿದ್ದವರೆಲ್ಲ, ಒಳ್ಳೆಯವರು, ಹಬ್ಬ ಬಿಟ್ಟು ಓಡಿ ಬಂದಿದ್ದಾರೆ, ಎಲ್ಲರ ಕೈಯಲ್ಲೂ ಉರಿಯುವ ಸೂಟೆ. ನೀವು ಆ ಬದಿ ಹೋಗಿ, ನಾವು ಈ ಬದಿ, ಕೂ ಹಾಕ್ತಾ ಹೋಗುವ, ಗುಡ್ಡೆಯಲ್ಲಿ ತಪ್ಪಿದವರನ್ನು ಹುಡುಕುದು ಹಾಗೆಯೇ, ಕೂ, ಲೋಗೇಶ್ವರೀ, ಕೂ — ಬೇಡ, ಬೇಡ ಎನ್ನುತ್ತೇನೆ, ಕನ್ನಡ ಬಾಯಿಗೆ ಬರುವುದಿಲ್ಲ, ತಮಿಳು ಬರುತ್ತದೆ, ತಮಿಳೂ ಪೂರ್ತಿ ಬರುವುದಿಲ್ಲ, ಬೆಂಕಿ ಬೇಡ, ಕೂ ಬೇಡ, ಅವರ ಕೈ ಹಿಡಿದು ಜಗ್ಗುತ್ತೇನೆ, ಸೂಟೆಯ ಕಿಡಿ ನನ್ನ ತೋಳಿಗೆ ಬೀಳುತ್ತದೆ. ಎಂತ ಹೇಳುದು ಇವಳು, ಬೆಳಕು ಇಲ್ಲದೆ ಹುಡುಕುದು ಹೇಗೆ, ಹಾವು ಉಂಟು ಮಾರಾಯ್ತಿ ಆ ಬಳ್ಳಿಯ ಅಡಿಯಲ್ಲಿ — ಹಾವಿಗೆ ಅವರು ಹೆದರುವುದಿಲ್ಲ ಗೌಡ್ರೇ, ನಿಮಗೆ ಹೆದರುತ್ತಾರೆ, ನೀವು ಒಂದೊಂದು ಸಲ ಕೂಗಿದಾಗಲೂ ಆ ಪುಟ್ಟ ಕೈ ಇನ್ನಷ್ಟು ಒತ್ತುತ್ತದೆ, ಇದನ್ನು ಹೇಗೆ ಹೇಳಲಿ, ನನ್ನ ಬಾಯಿಗೆ ನನ್ನದೇ ಅಂಗೈ ಒತ್ತಿ ತೋರಿಸಿದೆ, ಮೂಗು ಹಿಂಡಿ ತೋರಿಸಿದೆ, ಸೆಲ್ವಂ ಎಂದೆ. ಗೌಡರಿಗೆ ತಿಳಿಯಲಿಲ್ಲ. ಕಮಲಾವತಿಯಮ್ಮನಿಗೆ ತಿಳಿಯಿತು, ನಗು ಇಳಿದುಹೋಯಿತು, ಗಂಡನ ಕೈಯಿಂದ ಸೂಟೆ ಕಿತ್ತು ಕೆಸರಿಗೆ ತುಳಿದರು, ಮಕ್ಕಳು ನಮಗೇ ಹೆದರುದು ಮಾರಾಯ್ರೆ, ನಂದಿಸಿ ಎಲ್ಲ, ಬಾಯಿ ಮುಚ್ಚಿ ನಿಲ್ಲಿ, ಹೇಳಿದಷ್ಟು ಮಾಡಿ. ಒಂದೊಂದಾಗಿ ನಂದಿದವು, ಹೊಗೆಯ ವಾಸನೆ ಮಾತ್ರ ಉಳಿಯಿತು.

ಕತ್ತಲು, ಅಮಾವಾಸ್ಯೆ ಕಳೆದ ಕತ್ತಲು, ಕೈಗೆ ಒಂದೊಂದೇ ಮರ, ಕೊರೆದ ಗಾಯದ ಜಾಗ ಬೆರಳಿಗೆ ಅಂಟುತ್ತದೆ, ನನ್ನದೇ ಸಾಲು, ದಿನಾ ನಾನೇ ಕೊರೆಯುವ ಮರಗಳು. ಕರೆಯಬಾರದು, ಕರೆದರೆ ನಾನು ಮಾರಿಯಾಯಿ, ಕರೆಯದೆ ಬಳಿಗೆ ಹೋದರೆ ಅವರ ಕಿವಿಗೆ ಯಾರೋ ಗಂಡಸಿನ ಕಾಲ ಸಪ್ಪಳ, ಮಕ್ಕಳ ಹತ್ತಿರ ಹೋಗುವುದಕ್ಕೆ ನಾನು ಒಂದು ದಾರಿಯನ್ನೂ ಉಳಿಸಿಕೊಂಡಿಲ್ಲ, ಎಷ್ಟು ಭದ್ರ ಮಾಡಿದೆ ಪೊನ್ನಮ್ಮ, ಎಷ್ಟು ಜಾಣೆ ನೀನು. ಆದರೂ ಎಲ್ಲಿದ್ದಾರೆಂದು ಗೊತ್ತು, ಆವತ್ತು ಮಲಗಿದಲ್ಲೇ, ಬಳ್ಳಿಯ ಅಡಿಯ ಚರಂಡಿ, ದೇಶ ಬೇರೆಯಾದರೂ ಚರಂಡಿ ಅದೇ, ಮಂಡಿಯೂರಿ ತೆವಳುತ್ತೇನೆ, ಮುಳ್ಳು, ಒದ್ದೆ ಎಲೆ, ಆ ಮುಷ್ಟಿ ಮತ್ತೆ ಕಣ್ಣಿಗೆ ಬರುತ್ತದೆ, ತುರುಬು ಹಿಡಿದ ಮುಷ್ಟಿ, ಹೋಗು, ಈಗಲ್ಲ, ಈಗ ಕೇಳಬೇಕು, ಉಸಿರು ಕೇಳಬೇಕು — ಏನೂ ಇಲ್ಲ, ಜೀರುಂಡೆ, ದೂರದ ಪಟಾಕಿ, ಏನೂ ಇಲ್ಲ, ಅಯ್ಯೋ ದೇವರೇ ಏನೂ ಇಲ್ಲ — ಇದೆ. ಗೊರ್ ಎಂದು, ಕಟ್ಟಿದ ಮೂಗಿನದು, ಒಂದು ಸಲ, ತಡೆದು ಇನ್ನೊಂದು ಸಲ. ಕೈ ಚಾಚಿದೆ, ಮಗುವಿನ ತಲೆ, ಬೆವರಿದ ಹಣೆ, ಲೋಗಿಯ ಬೆರಳುಗಳು ತಣ್ಣಗೆ ಕಲ್ಲಾಗಿ ಅವನ ಬಾಯ ಮೇಲೆ, ಬಿಡಿಸಿದೆ, ಒಂದೊಂದೇ ಬೆರಳು ಎತ್ತಬೇಕಾಯಿತು, ಅವನು ಗಾಳಿಯನ್ನು ನುಂಗಿದ, ಕೆಮ್ಮಿದ, ಅತ್ತ, ಬದುಕಿದ್ದಾನೆ, ಅಳು ಕಂದಾ, ಊರೆಲ್ಲ ಕೇಳುವ ಹಾಗೆ ಅಳು, ನನ್ನ ಎದೆಗೆ ಒತ್ತಿಕೊಂಡೆ, ಲೋಗೀ, ನಾನು, ಅಮ್ಮ, ಅದು ಹಬ್ಬ ಮಗಳೇ, ಅವರು ಒಳ್ಳೆಯವರು, ಎಲ್ಲ ಮುಗಿಯಿತು, ಬಾ — ಹೇಳಿದ ಮೇಲೆ ನನಗೇ ಕೇಳಿಸಿತು ನಾನು ಹೇಳಿದ್ದು, ಮಾರಿಯಾಯಿ ಹೇಳಿದ್ದೇ. ಅವಳು ಬರಲಿಲ್ಲ. ಅಳಲಿಲ್ಲ. ಕತ್ತಲಲ್ಲಿ ಅವಳ ಕೈ ನನ್ನ ಕೆನ್ನೆಗೆ ತಾಗಿತು, ಸವರಲಿಕ್ಕೆ ಎಂದುಕೊಂಡೆ, ಸವರಲಿಲ್ಲ, ಕಿವಿ ದಾಟಿ ಹಿಂದೆ ಹೋಯಿತು, ನನ್ನ ತುರುಬಿನ ಮೇಲೆ, ತುರುಬಿನ ಸುತ್ತ, ತುರುಬಿನ ಹಿಂದೆ, ಅಲ್ಲಿ ಇರುವ ಮುಷ್ಟಿಗಾಗಿ ತಡಕುತ್ತ, ಯಾರೂ ಇಲ್ಲ ಮಗಳೇ, ನಾನೊಬ್ಬಳೇ, ತಡಕುತ್ತ, ಆ ಮುಷ್ಟಿಗಾಗಿ —