ಚೆಕ್‌ಗೆ ಮೂರು ದಾರಿ

೧೯೯೮ರ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯಿಂದ ಹಾಲು ತರಲು ಹೊರಟ ಕೆಂಚವೀರಪ್ಪ, ಸಂಜೆ ಹರಿಹರದ ತುಂಗಭದ್ರಾ ಸೇತುವೆಯ ಮೇಲೆ ಬರಿಗಾಲಲ್ಲಿ ಸಿಕ್ಕರು. ಮನೆ ಎಲ್ಲಿದೆ ಎಂಬುದು ನೆನಪಿರಲಿಲ್ಲ. ಗುರುತು ಹಿಡಿದು ಕರೆತಂದವರು ಹರಿಹರದಲ್ಲಿ ರೇಡಿಯೊ ರಿಪೇರಿ ಮಾಡುವ ಗೆಳೆಯ ಕುತುಬುದ್ದೀನ್. ಅಂದಿನಿಂದ ಕೆಂಚವೀರಪ್ಪನವರ ಹೆಂಡತಿ ನಿರ್ಮಲಮ್ಮ ಗೇಟಿಗೆ ಬೀಗ ಹಾಕಿದರು.

ಕೆಂಚವೀರಪ್ಪ ದಿನವೂ ಗೇಟು ಅಲ್ಲಾಡಿಸಿ ಜಗಳವಾಡುತ್ತಿದ್ದರು. ಕೊನೆಗೆ ನಿರ್ಮಲಮ್ಮ ಕುತುಬುದ್ದೀನರನ್ನು ಕರೆಸಿದರು.

"ಒಂದಾಟ ಚೆಸ್ ಆಡಿ ನೋಡ್ರಣ್ಣ. ತಲಿ ನೆಟ್ಟಗಿದ್ರ ಇವತ್ತೇ ಬೀಗ ತೆಗಿತೀನಿ. ಕೈದಿ ಕಾದಂಗ ಕಾಯಾಕ ನನಗೂ ಆಗಲ್ಲ."

ಕುತುಬುದ್ದೀನರಿಗೆ ಚೆಸ್ ಕಲಿಸಿದವರೇ ಕೆಂಚವೀರಪ್ಪ. ಇಬ್ಬರೂ ವರಾಂಡದಲ್ಲಿ ಕೂತರು.

"ಸೋಲಾಕ ಬಸ್ ಹತ್ತಿ ಬಂದಿಯೇನಲೇ ಕುತುಬು?"

"ಸೋಲಾಕೇ ಬಂದೀನಿ ಕೆಂಚಣ್ಣ. ನಡಸ್ರಿ."

ಕೆಂಚವೀರಪ್ಪನವರ ಮೊದಲ ನಡೆಗಳು ಹಳೆಯ ವೇಗದಲ್ಲೇ ಬಂದವು. ಚೆಕ್ ಕೊಡುವ ಅವಕಾಶ ಸಿಕ್ಕರೂ ಕುತುಬುದ್ದೀನ್ ಕೊಡಲಿಲ್ಲ. ಬಾಗಿಲಲ್ಲಿ ನಿರ್ಮಲಮ್ಮ ಕೀಲಿ ಹಿಡಿದು ನಿಂತಿದ್ದರು. ಕಡೆಗೆ ಕುತುಬುದ್ದೀನ್ ತಮ್ಮ ಆನೆಯನ್ನು ಕೆಂಚವೀರಪ್ಪನವರ ರಾಜನ ನೇರಕ್ಕೆ ತಂದಿಟ್ಟರು. ರಾಜ ಪಕ್ಕಕ್ಕೆ ಸರಿಯಬಹುದಿತ್ತು, ನಡುವೆ ಒಂಟೆಯನ್ನು ಇಡಬಹುದಿತ್ತು, ಕುದುರೆಯಿಂದ ಆನೆಯನ್ನೇ ಹೊಡೆಯಬಹುದಿತ್ತು. ಬೇಕೆಂದೇ ಸುಲಭದ ಚೆಕ್ ಕೊಟ್ಟಿದ್ದರು.

"ಚೆಕ್, ಕೆಂಚಣ್ಣ."

"ಗೊತ್ತೈತೆ ಬಿಡಲೇ. ರಾಜ ಸರೀಬೇಕು, ಇಲ್ಲಾ ಅಡ್ಡ ಇಡಬೇಕು, ಇಲ್ಲಾ ಚೆಕ್ ಕೊಟ್ಟೋನ್ನೇ ಹೊಡೀಬೇಕು. ನಿನಗ ಹೇಳಿಕೊಟ್ಟೋನೇ ನಾನು!"

ನಿರ್ಮಲಮ್ಮನ ಮುಖ ಅರಳಿತು.

ಕೆಂಚವೀರಪ್ಪ ಬಹಳ ಹೊತ್ತು ಯೋಚಿಸಿ, ದೂರದ ಮೂಲೆಯ ಕಾಲಾಳನ್ನು ಒಂದು ಮನೆ ಮುಂದಿಟ್ಟರು. ಚೆಕ್ ಹಾಗೇ ಉಳಿಯಿತು.

ಕುತುಬುದ್ದೀನ್ ಅದನ್ನು ಮೆಲ್ಲಗೆ ಹಿಂದಿಟ್ಟರು. "ರಾಜಗ ಚೆಕ್ ಐತೆ, ನೋಡ್ರಿ."

"ಅದನ್ನೇ ಹೇಳಿದ್ನಲ್ಲ. ಸರೀಬೇಕು, ಅಡ್ಡ ಇಡಬೇಕು, ಹೊಡೀಬೇಕು." ಮತ್ತೆ ಅದೇ ಕಾಲಾಳು ಮುಂದೆ ಹೋಯಿತು.

ಕುತುಬುದ್ದೀನ್ ರಾಜನ ಮೇಲೆ ಬೆರಳಿಟ್ಟು ತೋರಿಸಿದರು. ಕೆಂಚವೀರಪ್ಪ ಆ ಕೈ ತಳ್ಳಿದರು.

"ನನ್ ಕಾಯಿ ಮುಟ್ಟಬ್ಯಾಡ. ಮೋಸದಾಟ ನಾ ಕಲಿಸಿಲ್ಲ."

ಕುತುಬುದ್ದೀನ್ ಎದ್ದರು. ಗೇಟಿನವರೆಗೂ ನಿರ್ಮಲಮ್ಮ ಹಿಂದೆಯೇ ಬಂದರು.

"ಬಾಯಾಗ ಎಲ್ಲಾ ಸರಿಯಾಗಿ ಬಂತಲ್ರಣ್ಣ?"

"ಬಂತಕ್ಕ." ಅವರು ಚಪ್ಪಲಿ ಮೆಟ್ಟುತ್ತ ನೆಲವನ್ನೇ ನೋಡಿದರು. "ಬೀಗ ಇರಲಿ."

ನಿರ್ಮಲಮ್ಮ ಅವರನ್ನು ಹೊರಗೆ ಬಿಟ್ಟು, ಒಳಗಿನಿಂದ ಕೀಲಿ ತಿರುಗಿಸಿದರು.

ವರಾಂಡದಿಂದ ಕೆಂಚವೀರಪ್ಪ ಕೂಗಿದರು: "ಏ ಕುತುಬು, ನಾ ನಡಸಿ ಆತು. ನಿಂದು ಬಾಕಿ ಐತೆ. ಆಟ ಬಿಟ್ಟು ಎಲ್ಲಿಗೆ ಹೊಂಟಿ?"