ಕೆಂಪು ಪಟ್ಟಿಯ ಕ್ಯಾನು

2024ರ ಜುಲೈ 9, ಮಂಗಳವಾರ, ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ನರಸನಗುಂಟೆಯ ಹಾಲಿನ ಡೈರಿಯಲ್ಲಿ ಮುನಿಸ್ವಾಮಪ್ಪನವರು ಒಂದು ಖಾಲಿ ಕ್ಯಾನಿನ ಕತ್ತಿನ ಸುತ್ತ ಕೆಂಪು ಪಟ್ಟಿ ಬಳಿದು ಮುಗಿಸಿದರು. ಡೈರಿಯ ಅಧ್ಯಕ್ಷರಾದ ಹನ್ನೊಂದು ವರ್ಷಗಳಲ್ಲಿ ಅವರು ಸ್ವಂತ ಕೈಯಿಂದ ಮಾಡಿದ ಮೊದಲ ಕೆಲಸ ಅದು.

ಕಾರಣವಿತ್ತು. ಹಿಂದಿನ ದಿನ ವ್ಯಾನಿನವನು ಮೇಲಿನ ಡೈರಿಯಿಂದ ಒಂದು ಚೀಟಿ ತಂದಿದ್ದ. ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿಯುವ ಗಟ್ಟಿ ಅಂಶಕ್ಕೆ ಡೈರಿಯವರು ಎಸ್‌ಎನ್‌ಎಫ್ ಎನ್ನುತ್ತಾರೆ. ಅದು ಎಂಟೂವರೆಗಿಂತ ಕೆಳಗಿಳಿದರೆ ಊರಿನ ಹಾಲು ಊರಿಗೇ ವಾಪಸು. ನರಸನಗುಂಟೆಯ ಹಾಲು ಸರಿಯಾಗಿ 8.50ಕ್ಕೆ ಬಂದು ನಿಂತಿತ್ತು. ಚೀಟಿಯಲ್ಲಿ 'ಅಂಚಿನಲ್ಲಿದೆ, ಎಚ್ಚರಿಕೆ' ಎಂದು ಬರೆದಿತ್ತು.

ಊರಿನ ನಲವತ್ತೊಂದು ಮನೆಗಳು ಡೈರಿಗೆ ಹಾಲು ಹಾಕುತ್ತವೆ. ತಪ್ಪು ಯಾರದೆಂದು ತಿಳಿಯಲು ನಲವತ್ತೊಂದು ಮನೆಗಳ ಅಂಕಿ ಓದಬಹುದಿತ್ತು. ಅಷ್ಟು ಶ್ರಮ ಬೇಕಾಗಲಿಲ್ಲ. ತಪ್ಪಿತಸ್ಥೆ ಮೂರು ವರ್ಷದಿಂದ ಸಿದ್ಧಳಾಗಿದ್ದಳು. ತಪ್ಪೊಂದೇ ಬಾಕಿ ಇತ್ತು.

ಅವಳು ವನಿತಾ. ಗಂಡ ಸೆಲ್ವರಾಜ್ ಕೋರಮಂಡಲ್‌ನ ಚಿನ್ನದ ಗಣಿಯ ತಮಿಳು ಕಾರ್ಮಿಕರ ಮನೆಗಳ ಸಾಲಿನಲ್ಲಿ ಹುಟ್ಟಿದವನು, ದಿನಾ ಬಂಗಾರಪೇಟೆಯಿಂದ ರೈಲು ಹತ್ತಿ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಾನೆ. ಊರಂಚಿನಲ್ಲಿ ಬಾಡಿಗೆ ಮನೆ, ಎರಡು ಜರ್ಸಿ ಹಸು. ಅವಳ ಮೇಲಿನ ಆರೋಪಗಳು ಸಾಮಾನ್ಯವಾದವಲ್ಲ. ಹಸುವನ್ನು ತಮಿಳಿನಲ್ಲಿ ಕರೆಯುತ್ತಾಳೆ; ಅದಕ್ಕಿಂತ ಘೋರವೆಂದರೆ, ಹಸು ಬರುತ್ತದೆ. ಸಾರಿಗೆ ಹುಣಸೆ ಜಾಸ್ತಿ ಹಾಕುತ್ತಾಳೆ. ಜಗಳಕ್ಕೆ ಕರೆದರೆ ಬರುವುದಿಲ್ಲ. "ಅವರ ಬಾಸೆನೇ ಬ್ಯಾರೆ" ಎಂದು ಮುನಿಸ್ವಾಮಪ್ಪನವರು ಡೈರಿಯಲ್ಲಿ ಕನ್ನಡದಲ್ಲಿ ಹೇಳಿ, ಮನೆಗೆ ಹೋಗಿ ಹೆಂಡತಿ ವರಲಕ್ಷ್ಮಮ್ಮನಿಗೆ ಅದನ್ನೇ ತೆಲುಗಿನಲ್ಲಿ ವಿವರಿಸುತ್ತಿದ್ದರು. ಅವರ ಮನೆಮಾತು ತೆಲುಗು. ಆದರೆ ಅದು ಈ ಊರಲ್ಲೇ ಹುಟ್ಟಿದ ತೆಲುಗು, ಅದರ ಮಾತೇ ಬೇರೆ.

ಸೆಲ್ವರಾಜನ ಜಾತಿಯೂ ಒಂದು ಕಾರಣವೇ. ಅದನ್ನು ಬಾಯಿಬಿಟ್ಟು ಹೇಳಬಾರದೆಂದು ಡೈರಿಯ ನಿರ್ದೇಶಕ ಶ್ರೀನಿವಾಸಪ್ಪ ಎಚ್ಚರಿಸಿದ್ದ. "ಜಾತಿ ಗೀತಿ ಎತ್ತಬ್ಯಾಡಣ್ಣೋ, ಕೇಸಾಯ್ತದೆ. ಕ್ವಾಲಿಟಿ ಅನ್ನು. ಕ್ವಾಲಿಟಿ ಅಂದೋನ್ ಮ್ಯಾಲೆ ಇವತ್ತಿನವರ್ಗೂ ಯಾವ ಟೇಸನ್ನಲ್ಲೂ ಕೇಸಾಗಿಲ್ಲ."

ಹೀಗೆ ಕ್ವಾಲಿಟಿಯ ಸಲುವಾಗಿ ಕೆಂಪು ಪಟ್ಟಿ ಬಿತ್ತು.

ಹಾಲು ಅಳೆದು ಪರೀಕ್ಷಿಸುವ ಸಹನ ಮುನಿಸ್ವಾಮಪ್ಪನವರ ತಮ್ಮನ ಮಗಳು, ಬಿಎಸ್ಸಿ ಓದಿದವಳು. ವನಿತಾ ತಂದ ಹಾಲನ್ನು ಮಿಶೀನಿಗಿಟ್ಟು, "ದೊಡ್ಡಪ್ಪಾ, ವನಿತಕ್ಕಂದು ಒಂಬತ್ತರ ಮೇಲದೆ. 9.04. ನೋಡು" ಎಂದಳು.

"ಮಿಶೀನಿಗೇನ್ ಗೊತ್ತಮ್ಮೀ? ಅದು ಆಲ್ ನೋಡ್ತದೆ. ಮನುಸ್ರನ್ನ ನೋಡ್ತದಾ?"

"ನಿಂದು 8.1 ಬಂದದೆ."

"ನಮ್ದು ಬುಡು. ನಮ್ದು ಸೀಮೆ ಅಸು. ಅದಕ್ಕೆ ನೀರು ಜಾಸ್ತಿ ಕುಡಿಯೋ ಅಬ್ಯಾಸ."

ಆ ಹಸುವಿನ ಅಭ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ, ಹಾಲು ಕರೆದ ಮೇಲೂ ಬಿಂದಿಗೆಯೊಳಗೆ ಮುಂದುವರಿಯುತ್ತಿತ್ತು.

ವನಿತಾ ಕೆಂಪು ಪಟ್ಟಿ ನೋಡಿದಳು. "ಏನಣ್ಣಾ ಇದು?"

"ನಿಂಗೇ ಅಂತ ಮಾಡಿದ್ದು ಕಣಮ್ಮಾ. ಇನ್ಮ್ಯಾಕೆ ನಿನ್ನ ಆಲು ಇದರೊಳಗೆ ಉಯ್ಯಿ. ಮೂರು ದಿನ ಬ್ಯಾರೆ ಓಗ್ತದೆ. ಮ್ಯಾಲಿನೋರು ಕಮ್ಮಿ ಅಂದ್ರೆ ನಿನ್ನ ಎಸರು ಕಿತ್ತಾಕ್ತೀವಿ."

"ಹೆಸರು ಕಿತ್ತಾಕಿದ್ರೆ ನಾನು ಹಸು ಮಾರ್ಬೇಕಾಗ್ತದೆ ಅಣ್ಣಾ. ಬೇರೆ ಊರ ಡೈರಿಲಿ ನಮ್ದು ತಗೊಳ್ಳಲ್ಲ."

"ನಾನೇನ್ ಮಾಡ್ಲಿ? ಕ್ವಾಲಿಟಿ ವಿಚಾರ."

ವನಿತಾ ಹನ್ನೆರಡು ಲೀಟರ್ ಹಾಲನ್ನು ಕೆಂಪು ಪಟ್ಟಿಯ ಕ್ಯಾನಿಗೆ ಸುರಿದಳು. ಒಂದು ಹನಿಯೂ ಚೆಲ್ಲಲಿಲ್ಲ.

ಮೂರು ದಿನ ಕಾಯಬೇಕಾಗಲಿಲ್ಲ. ಹತ್ತೂವರೆಗೆ ವ್ಯಾನು ವಾಪಸು ಬಂತು. ಊರಿನ ಮೂರು ಕ್ಯಾನುಗಳಲ್ಲಿ ಹಾಲು ಹೋದಂತೆಯೇ ಬಂದಿತ್ತು. ಖಾಲಿಯಾಗಿ ಬಂದದ್ದು ಕೆಂಪು ಪಟ್ಟಿಯದೊಂದೇ. ಜತೆಗೆ ಬಂದ ಚೀಟಿಯಲ್ಲಿ ಊರಿನ ನೂರೆಂಟು ಲೀಟರಿಗೆ 8.44, ವನಿತಾಳ ಹನ್ನೆರಡು ಲೀಟರಿಗೆ 9.04.

ಸಹನ ಚೀಟಿಯ ಹಿಂಬದಿಯಲ್ಲಿ ಗುಣಿಸಿ, ಕೂಡಿ, ಭಾಗಿಸಿ ತೋರಿಸಿದಳು. "ಎರಡೂ ಬೆರೆಸಿದ್ರೆ ಸರಿಯಾಗಿ 8.50, ದೊಡ್ಡಪ್ಪಾ. ಇಷ್ಟು ದಿನ ಊರು ಅಂಚಿಂದ ಬೀಳದಂಗೆ ಹಿಡ್ಕೊಂಡಿದ್ದು ಆ ಹನ್ನೆರಡು ಲೀಟ್ರು."

"ಲೆಕ್ಕ ಓದಿಸಿದ್ದೇ ತಪ್ಪಾಯ್ತು" ಎಂದರು ದೊಡ್ಡಪ್ಪ.

ಆ ದಿನ ನರಸನಗುಂಟೆಯಲ್ಲಿ ಮನೆಮನೆಯಲ್ಲೂ ಹೆಪ್ಪು ಹಾಕಿದರು. ಸಂಜೆ ಡೈರಿಯ ಮುಂದೆ ಸಭೆ ಸೇರಿತು. ಲೆಕ್ಕವನ್ನು ಯಾರೂ ಅಲ್ಲಗಳೆಯಲಿಲ್ಲ. ಲೆಕ್ಕವನ್ನು ಯಾರೂ ಕೇಳಲೂ ಇಲ್ಲ. ಶ್ರೀನಿವಾಸಪ್ಪ ಎದ್ದು ನಿಂತು ವಿಷಯದ ಬೇರಿಗೇ ಕೈ ಹಾಕಿದ.

"ಅವಳ ಪೊಗರು ನೋಡ್ರಣ್ಣಾ! ಊರೆಲ್ಲಾ ಒಂದು ಕಡೆ ಉಯ್ದ್ರೆ, ಅವಳದೇ ಒಂದು ಬ್ಯಾರೆ ಕ್ಯಾನಂತೆ! ಅದಕ್ಕೆ ಬಣ್ಣ ಬ್ಯಾರೆ! ನಮ್ ಜತೆ ಬೆರೆಯಾಕೆ ನಾಚ್ಕೆನಾ ಅವಳಿಗೆ?"

"ಅದೇ ಕಣ್ಲಾ, ಈ ಜನ ಎಲ್ಲೋದ್ರೂ ಬ್ಯಾರೆನೇ ಇರೋದು" ಎಂದು ಹಿಂದಿನಿಂದ ಯಾರೋ ದನಿಗೂಡಿಸಿದರು.

ಮುನಿಸ್ವಾಮಪ್ಪನವರ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಇತ್ತು. ಅವರೂ ಬೇಸರದಿಂದ ತಲೆಯಾಡಿಸಿದರು. ಬಂದು ಮೂರು ವರ್ಷವಾದರೂ ಊರಿನೊಂದಿಗೆ ಬೆರೆಯದ ಹೆಂಗಸಿನ ಬಗ್ಗೆ ಅವರಿಗೆ ನಿಜವಾಗಿಯೂ ನೋವಾಯಿತು.

ಊರು ಉದಾರ ಮನಸ್ಸಿನಿಂದ ಒಂದು ತೀರ್ಮಾನಕ್ಕೆ ಬಂತು. ವನಿತಾಳ ಹಾಲು ಮತ್ತೆ ಊರಿನ ಹಾಲಿಗೆ ಸೇರಲಿ. ಅವಳು ಮಾತ್ರ ಹೊರಗಿನ ಚಪ್ಪಡಿಯ ಮೇಲೆ ಬಿಂದಿಗೆ ಇಟ್ಟು ನಿಲ್ಲಲಿ. ಸಹನ ಎತ್ತಿಕೊಂಡು ಹೋಗಿ ಸುರಿಯಲಿ.

ವನಿತಾಳನ್ನು ಕರೆಸಿ ಇದನ್ನು ತಿಳಿಸಿದರು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಆಗಲ್ಲ ಅಣ್ಣಾ. ನಾನೇ ಒಳಗೆ ಬಂದು, ನನ್ನ ಕೈಯಾರೆ ಊರ ಕ್ಯಾನಿಗೆ ಸುರೀತೀನಿ. ಇಲ್ಲಾಂದ್ರೆ ಕೆಂಪು ಕ್ಯಾನೇ ಇರ್ಲಿ. ಚೆನ್ನಾಗದೆ. ಬಣ್ಣಾನೂ ನೀಟಾಗಿ ಬಳಿದಿದ್ದೀರಾ."

ಸಭೆ ಗುಜುಗುಜು ಎಂದಿತು. ಶ್ರೀನಿವಾಸಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ವರಲಕ್ಷ್ಮಮ್ಮ ಗಂಡನಿಗೆ ಕೇಳುವಂತೆ, "ಇಂಕಾ ಎಂತ ಪೆರುಗು ತಿನಾಲಯ್ಯಾ?" ಎಂದರು. ಇನ್ನೂ ಎಷ್ಟು ಮೊಸರು ತಿನ್ನಬೇಕೆಂಬ ಆ ತೆಲುಗು ಪ್ರಶ್ನೆ ಕನ್ನಡದ ಸಭೆಗೆ ಚೆನ್ನಾಗಿ ಅರ್ಥವಾಯಿತು. ಯಾರೂ ಮತ್ತೆ ಚಪ್ಪಡಿಯ ಮಾತೆತ್ತಲಿಲ್ಲ.

ಮರುದಿನ ಬೆಳಗ್ಗೆ ವನಿತಾ ಡೈರಿಯ ಒಳಗೆ ಬಂದಳು. ಮುನಿಸ್ವಾಮಪ್ಪನವರು, ಅವಳ ಸೆರಗು ತಾಕದಷ್ಟು, ಎರಡು ಹೆಜ್ಜೆ ಹಿಂದೆ ಸರಿದರು. ಅವಳು ಬಿಂದಿಗೆ ಎತ್ತಿ ಊರಿನ ಕ್ಯಾನಿಗೆ ಸುರಿದಳು. ಅವರದೇ ಹಾಲು, ಹಸುವಿನ ಅಭ್ಯಾಸದ ಸಮೇತ, ಅದೇ ಕ್ಯಾನಿನಲ್ಲಿತ್ತು.

ಇವಳೇನೋ ಪರವಾಗಿಲ್ಲ, ಎಂದುಕೊಂಡರು ಮುನಿಸ್ವಾಮಪ್ಪನವರು. ಆದರೆ ಇವರ ಜನವನ್ನು ನಂಬಬಾರದು. ಇವರ ಜನದಲ್ಲಿ ಅವರು ಹತ್ತಿರದಿಂದ ಕಂಡಿದ್ದವರು ಇಬ್ಬರೇ, ವನಿತಾ ಮತ್ತು ಸೆಲ್ವರಾಜ್, ಇಬ್ಬರೂ ಪರವಾಗಿಲ್ಲ. ಉಳಿದವರೇ ಅಪಾಯ.

"ಎಷ್ಟಮ್ಮೀ?" ಎಂದು ಕೇಳಿದರು.

ಸಹನ ಮೂರೂ ಕ್ಯಾನುಗಳಿಂದ ಒಂದೊಂದು ಸೌಟು ತೆಗೆದು, ಬೆರೆಸಿ, ಮಿಶೀನಿಗಿಟ್ಟು, ಬಂದ ಅಂಕಿ ಓದಿದಳು.

8.50.